ಸೊಂಟಕ್ಕೆ ಕಟ್ಟಿದ ಕಡಲೆಬೇಳೆ

ಊರಿಗೆ ಮರಳಿದ ಮೇಲೆ ಸೊಂಟಕ್ಕೆ ಯಾವ ಬಂದೂಕು ಕಟ್ಟಿಕೊಂಡು ತಿರುಗಬೇಕು ಎಂಬ ಚರ್ಚೆ ಅಬುಧಾಬಿಯ ನಮ್ಮ ಮನೆಯಲ್ಲಿ ಇಡೀ ಚಳಿಗಾಲ ನಡೆಯಿತು. ಚರ್ಚೆ ಮಾಡಿದವರು ಇಬ್ಬರು. ಒಬ್ಬರು ನನ್ನ ಗಂಡ. ಬಂದರಿನಿಂದ ಸರಕು ಬಿಡಿಸುವ ಕ್ಲಿಯರಿಂಗ್ ಕಂಪನಿಯೊಂದರಲ್ಲಿ ಕೂತು ಜೀವಮಾನವೆಲ್ಲ ಬೇರೆಯವರ ಪೆಟ್ಟಿಗೆಗಳಿಗೆ ಕಾಗದ ಮಾಡಿಸಿದವರು. ಇನ್ನೊಬ್ಬರು ಅವರ ಗೆಳೆಯ, ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಮರು, ನಾವು ಮರ್ಯಾದೆಗೆ ಬ್ಯಾರಿಗಳು ಎಂದೇ ಕರೆಯುವುದು. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಬ್ಯಾಗು, ಬೆಲ್ಟುಗಳ ಅಂಗಡಿ ಇಟ್ಟವರು. ಇಬ್ಬರೂ ಜೀವನದಲ್ಲಿ ಒಂದು ಈಡನ್ನೂ ಹಾರಿಸಿದವರಲ್ಲ.

ಶುಕ್ರವಾರ ಸಂಜೆ ಚಹಾ ಹಿಡಿದು ಕೂತರೆಂದರೆ ಶುರು. ಮೊಬೈಲಿನಲ್ಲಿ ಅಮೆರಿಕದ ಯಾರೋ ದಪ್ಪ ಕುತ್ತಿಗೆಯವನು ತನ್ನ ಸೊಂಟವನ್ನು ತೋರಿಸುತ್ತಾ ಮಾತಾಡುತ್ತಿದ್ದ. ಬೆಳಿಗ್ಗೆ ಹಾಲು ತರಲು ಹೋಗುವಾಗ ಇದು, ಮಧ್ಯಾಹ್ನ ಕಾರಿನಲ್ಲಿ ಇದು, ಚರ್ಚಿಗೆ ಹೋಗುವಾಗ ಇದು ಎಂದು ಅವನ ಬಳಿ ಹೊತ್ತಿಗೊಂದು ಬಂದೂಕು. ಹೆಂಗಸರು ಮದುವೆಗೆ ಸೀರೆ ಆರಿಸುವುದನ್ನು ನೋಡಿ ನಗುವ ಗಂಡಸರು ಅದನ್ನು ಬಾಯಿ ತೆರೆದು ನೋಡುತ್ತಿದ್ದರು. ಬಣ್ಣ ಕಪ್ಪು ಚಂದವೋ ಬೆಳ್ಳಿ ಚಂದವೋ ಎಂಬುದರ ಮೇಲೆ ಒಂದು ಶುಕ್ರವಾರ ಪೂರ್ತಿ ಕಳೆಯಿತು.

ನನ್ನ ಗಂಡನಿಗೆ ಈ ಹುಚ್ಚು ಹತ್ತಿದ್ದು ನನ್ನ ಅಪ್ಪನ ಕೋವಿಯಿಂದ. ಬೆಳ್ತಂಗಡಿಯ ಆಚೆ ನಮ್ಮದು ಗೇರುಗುಡ್ಡೆ, ಅದರ ಕೆಳಗೆ ಒಂದಷ್ಟು ತೆಂಗು. ಮಂಗಗಳು ಎಳನೀರು ಕೀಳುತ್ತವೆ, ಹಂದಿ ಗೆಣಸು ಅಗೆಯುತ್ತದೆ. ಅದಕ್ಕಾಗಿ ಅಪ್ಪನಿಗೆ ಬೆಳೆ ರಕ್ಷಣೆಯ ಲೈಸನ್ಸಿನಲ್ಲಿ ಒಂಟಿ ನಳಿಗೆಯ ತೋಟೆಕೋವಿ, ಎಂದರೆ ಕಾಡತೂಸು ಹಾಕುವ ಕೋವಿ, ಇತ್ತು. ಚುನಾವಣೆ ಬಂತೆಂದರೆ ನಮ್ಮ ಕಡೆ ಕೋವಿಯಿದ್ದವರೆಲ್ಲ ಅದನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ ಬರಬೇಕು. ಮತ ಎಣಿಕೆ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು. ಮಂಗಗಳಿಗೆ ಚುನಾವಣೆಯ ದಿನಗಳು ಹಬ್ಬ ಎಂದು ಅಪ್ಪ ಬೈಯುತ್ತಿದ್ದರು. ಕಳೆದ ಸಲ ಒಪ್ಪಿಸಿ ಬಂದ ಅಪ್ಪ ಬಿಡಿಸಿ ತರುವ ಮೊದಲೇ ತೀರಿಕೊಂಡರು. ಕೋವಿ ಠಾಣೆಯಲ್ಲೇ ಉಳಿಯಿತು. ನಾನೊಬ್ಬಳೇ ಮಗಳು; ಮನೆ, ಗುಡ್ಡೆ ಎರಡೂ ನಮಗೆ ಬಂದವು. ಕೋವಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತೀರೋ ಬಿಟ್ಟುಬಿಡುತ್ತೀರೋ, ಬೇಗ ಹೇಳಿ ಎಂದು ಊರಿನಿಂದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ.

ಇವರು ಆ ಫೋನನ್ನು ಸ್ಪೀಕರಿನಲ್ಲಿ ಕೇಳಿದರು. ಮರುದಿನವೇ ಯೋಜನೆ ಸಿದ್ಧವಾಗಿತ್ತು. ಅಪ್ಪನ ಲೈಸನ್ಸನ್ನು ತಮ್ಮ ಹೆಸರಿಗೆ ಮಾಡಿಸುವುದು, ಆ ಉದ್ದದ ಕೋವಿಯ ಬದಲು ಒಂದು ರಿವಾಲ್ವರ್ ತೆಗೆದುಕೊಳ್ಳುವುದು. ಹಾಗೆಲ್ಲ ಬದಲಾಯಿಸಲು ಸರಕಾರ ಬಿಡುತ್ತದೋ ಇಲ್ಲವೋ ಎಂದು ಅವರು ಯಾರನ್ನೂ ಕೇಳಲಿಲ್ಲ. ಕೇಳಿದರೆ ಚರ್ಚೆ ಅಲ್ಲಿಗೇ ಮುಗಿದುಹೋಗುವ ಅಪಾಯ ಇತ್ತು.

ರಿವಾಲ್ವರ್ ಮಂಗಕ್ಕೋ ಹಂದಿಗೋ ಎಂದು ಬ್ಯಾರಿಗಳು ಕೇಳಿದರು.

"ಮಂಗ ಹತ್ತಿರ ಬಂದು ನಿಲ್ಲಬೇಕಲ್ಲ ಮಾರಾಯ್ರೇ, ನಿಮ್ಮ ರಿವಾಲ್ವರಿಗೆ? ಮೊದಲು ಅದಕ್ಕೊಂದು ಚಾಯ ಕೊಟ್ಟು ಕೂರಿಸ್ಬೇಕು."

ಮಂಗಕ್ಕಲ್ಲ ಎಂದರು ಇವರು. ಈಗ ಊರಿನಲ್ಲಿ ಕಾಲ ಸರಿ ಇಲ್ಲ, ಗಲ್ಫಿನಿಂದ ಬಂದವರೆಂದರೆ ಎಲ್ಲರ ಕಣ್ಣು ಇರುತ್ತದೆ, ಸೊಂಟದಲ್ಲಿ ಎದ್ದು ಕಾಣುವಂತೆ ಒಂದು ಇದ್ದರೆ ಯಾರೂ ಹತ್ತಿರ ಸುಳಿಯುವುದಿಲ್ಲ ಎಂದು ವಿವರಿಸಿದರು. ಬಚ್ಚಿಟ್ಟುಕೊಂಡರೆ ಪ್ರಯೋಜನವಿಲ್ಲ, ಕಾಣಬೇಕು. ಆ "ಕಾಣಬೇಕು" ಎನ್ನುವಾಗ ಅವರು ಬೆನ್ನು ನೆಟ್ಟಗೆ ಮಾಡಿದ್ದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡಿದೆ. ಕಳ್ಳರ ವಿಷಯ ಹೆಸರಿಗೆ ಮಾತ್ರ. ಪೇಟೆಯಲ್ಲಿ ಬಸ್ಸಿಗೆ ಕಾಯುವವರು ತಿರುಗಿ ನೋಡಿ, ಇವರು ಯಾರಪ್ಪ ಎಂದು ಕೇಳಬೇಕಿತ್ತು. ಇಷ್ಟು ವರ್ಷ ಹೊರಗಿದ್ದವರನ್ನು ಊರಿನಲ್ಲಿ ಯಾರೂ ಗುರುತಿಸುವುದಿಲ್ಲ ಎನ್ನುವುದು ನಿಜ. ಅದಕ್ಕೆ ಮದ್ದು ಎಂದರೆ ಎದುರು ಸಿಕ್ಕಿದವರನ್ನು ನಿಲ್ಲಿಸಿ ಮಾತಾಡಿಸುವುದು. ಅದಕ್ಕೆ ಲೈಸನ್ಸು ಬೇಡ.

ನಾನು ಅಲ್ ಐನ್‌ನ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರಿನ ನರ್ಸಾಗಿದ್ದವಳು. ಅದಕ್ಕೂ ಮೊದಲು ಮಂಗಳೂರಿನಲ್ಲಿ ಕೆಲಸ ಮಾಡಿದ್ದೆ. ಅಲ್ಲಿ ಕೋವಿಯ ಗಾಯಗಳು ಬರುತ್ತಿದ್ದವು. ಬೇಲಿ ದಾಟುವಾಗ ತಮ್ಮದೇ ತೊಡೆಗೆ ಹೊಡೆದುಕೊಂಡವರು, ಪೊದೆಯಲ್ಲಿ ಅಲ್ಲಾಡಿದ್ದು ಹಂದಿ ಎಂದುಕೊಂಡು ಭಾವನಿಗೆ ಹೊಡೆದವರು, ಖಾಲಿ ಇದೆ ಎಂದು ತಮ್ಮನ ಎದುರು ಕೋವಿಯ ಕುದುರೆ ಎಳೆದು ತೋರಿಸಿದವರು. ಶತ್ರುವಿನಿಂದ ಗುಂಡು ತಿಂದು ಬಂದವನನ್ನು ನಾನು ಅಲ್ಲಿ ಒಮ್ಮೆಯೂ ನೋಡಲಿಲ್ಲ. ಎಲ್ಲರಿಗೂ ಹೊಡೆದವರು ತಾವೇ, ಇಲ್ಲವೇ ಮನೆಯವರು, ಬೇಕಾದವರು. ಇದನ್ನು ಇವರಿಗೆ ಮದುವೆಯಾದ ಹೊಸತರಲ್ಲೇ ಹೇಳಿದ್ದೆ. ಆಗ ಕೇಳಿಸಿಕೊಂಡಿದ್ದರು, ಆಗ ದಪ್ಪ ಕುತ್ತಿಗೆಯವನ ವಿಡಿಯೋ ಇರಲಿಲ್ಲ.

ಅಷ್ಟಾದರೂ ನಾನು ಸುಮ್ಮನೆ ಇದ್ದೆ. ಗಂಡಸರ ಚಹಾದ ಮಾತು ಗ್ಲಾಸು ತೊಳೆಯುವಷ್ಟರಲ್ಲಿ ಮುಗಿಯುತ್ತದೆ ಎಂದುಕೊಂಡಿದ್ದೆ. ಸುಮ್ಮನಿರಲು ಬಿಡದವಳು ನಮ್ಮ ಮಗಳು.

ನಾವು ಇರುವುದು ಮಗಳು, ಅಳಿಯನ ಜೊತೆ. ಅವರ ಮಗಳಿಗೆ ಐದು ವರ್ಷ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತದೆ. ನಾವು ಊರಿಗೆ ಹೋಗುವಾಗ ಮಗುವನ್ನೂ ಜೊತೆಗೆ ಕಳಿಸುವುದು, ಒಂದು ವರ್ಷ ಅಲ್ಲೇ ಶಾಲೆಗೆ ಹೋಗಲಿ, ಭಾಷೆ ಬರಲಿ, ಅಂಗಳದಲ್ಲಿ ಆಡಲಿ ಎಂದು ತೀರ್ಮಾನವಾಗಿತ್ತು. ಊರಿಗೆ ಹೊರಡುವ ನನ್ನ ಆಸೆಯಲ್ಲಿ ಮುಕ್ಕಾಲು ಪಾಲು ಆ ಒಂದು ವರ್ಷದ್ದೇ ಆಗಿತ್ತು. ರಿವಾಲ್ವರಿನ ಸುದ್ದಿ ಕಿವಿಗೆ ಬಿದ್ದ ದಿನ ಮಗಳು ಊಟದ ಮೇಜಿನಲ್ಲಿ ಒಂದೇ ಮಾತು ಹೇಳಿದಳು.

"ಅಪ್ಪ, ಗನ್ ಇರುವ ಮನೆಗೆ ನಾನು ಮಗು ಕಳಿಸುವುದಿಲ್ಲ. ಖಲಾಸ್."

ಇವರು ನಕ್ಕರು. ಅವರ ಬಳಿ ಉತ್ತರ ಸಿದ್ಧವಾಗಿತ್ತು, ಅದೂ ಆ ವಿಡಿಯೋದಿಂದಲೇ ಬಂದದ್ದು. ಬಂದೂಕನ್ನು ಗೋಡೆಗೆ ನೇತುಹಾಕಿದರೆ, ಹಾಸಿಗೆಯ ಕೆಳಗೆ ಇಟ್ಟರೆ ಮಕ್ಕಳ ಕೈಗೆ ಸಿಗುತ್ತದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಸೊಂಟದಲ್ಲೇ ಇದ್ದರೆ ಸಿಗುವುದು ಹೇಗೆ? ಹಾಗಾಗಿ ಸೊಂಟದಲ್ಲಿ ಕಟ್ಟಿಕೊಂಡು ತಿರುಗುವುದೇ ಮಗುವಿಗೆ ಕ್ಷೇಮ. ಮಗಳು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಇವರು ನನ್ನ ಕಡೆ ತಿರುಗಿ, ನೀನಾದರೂ ಹೇಳು, ಲೆಕ್ಕ ಸರಿ ಉಂಟೋ ಇಲ್ಲವೋ ಎಂದರು.

ಲೆಕ್ಕ ಸರಿ ಉಂಟು ಎಂದೆ. ಆದರೆ ಅದು ಸೊಂಟದಲ್ಲಿ ಇರುತ್ತದೆಯೇ ಎಂದು ನೋಡಬೇಕಲ್ಲ ಎಂದೆ.

ಈ ಮನುಷ್ಯ ಕನ್ನಡಕವನ್ನು ಫ್ರಿಜ್ಜಿನಲ್ಲಿ ಇಟ್ಟವರು. ಕಾರಿನ ಕೀಲಿ ಹುಡುಕುವುದು ನಮ್ಮ ದಾಂಪತ್ಯದ ನಿತ್ಯಕರ್ಮ. ಎಮಿರೇಟ್ಸ್ ಐಡಿಯನ್ನು ಅಲ್ ಮೀನಾದ ಮೀನು ಮಾರ್ಕೆಟಿನಲ್ಲಿ ಮಂಜುಗಡ್ಡೆಯ ರಾಶಿಯ ಮೇಲೆ ಬಿಟ್ಟುಬಂದಾಗ, ಮೀನು ಕ್ಲೀನ್ ಮಾಡುವವನು ಕೂಗಿ ಕರೆದು ಕೊಟ್ಟಿದ್ದಾನೆ. ನನ್ನ ಕೆಲಸದಲ್ಲಿ ಒಂದು ಕತ್ತರಿ, ಒಂದು ತುಂಡು ಹತ್ತಿಬಟ್ಟೆ ಎಲ್ಲಿದೆ ಎಂದು ಗೊತ್ತಾಗದೆ ಹೊಟ್ಟೆ ಹೊಲಿಯಲು ಬಿಡುತ್ತಿರಲಿಲ್ಲ. ಎಂಥ ದೊಡ್ಡ ಸರ್ಜನ್ ಆದರೂ ಕೈಗೆ ತೆಗೆದುಕೊಂಡ ಚಾಕನ್ನು ತನಗೆ ಬೇಕಾದಲ್ಲಿ ಇಡುವ ಹಾಗಿಲ್ಲ, ಟ್ರೇಗೆ ಮರಳಿಸಬೇಕು. ಮರಳಿಸದೆ ಇದ್ದರೆ ನಾನು ಕೈ ಚಾಚಿ ನಿಂತಿರುತ್ತಿದ್ದೆ, ಅವರು ಕೊಡುವವರೆಗೆ.

ಅಪ್ಪನದೂ ಅದೇ ಕ್ರಮ. ಅವರ ಸೊಂಟದ ಹಿಂದೆ ಕೊಕ್ಕೆಯಲ್ಲಿ ಸೊಪ್ಪು ಕಡಿಯುವ ಕತ್ತಿ ಯಾವಾಗಲೂ ಇರುತ್ತಿತ್ತು. ನಮ್ಮ ಊರಿನ ಗಂಡಸರು ಎಲ್ಲರಿಗೂ ಕಾಣುವಂತೆ ಕಟ್ಟಿಕೊಂಡು ತಿರುಗುವ ಆಯುಧ ಅದೊಂದೇ. ಅಂಗಳ ದಾಟಿ ಜಗಲಿಗೆ ಕಾಲಿಟ್ಟ ಕೂಡಲೇ, ಬಂದ ನೆಂಟರನ್ನು ಮಾತಾಡಿಸುವುದಕ್ಕೂ ಮೊದಲು, ಅವರ ಕೈ ಹಿಂದಕ್ಕೆ ಹೋಗಿ ಕತ್ತಿ ತೆಗೆದು ಮೇಲಿನ ಮೊಳೆಗೆ ಸಿಕ್ಕಿಸುತ್ತಿತ್ತು. ಕೋವಿಯನ್ನಂತೂ ಮಂಗ ಬಂದಾಗ ಮಾತ್ರ ತೆಗೆದು, ತೋಟೆ ಬೇರೆ ಕೋವಿ ಬೇರೆ ಮಾಡಿ, ಕಪಾಟಿಗೆ ಬೀಗ ಹಾಕಿದ ಮೇಲೆಯೇ ಕೈ ತೊಳೆಯುತ್ತಿದ್ದರು. ಅದನ್ನು ಹೆಗಲಿಗೆ ಹಾಕಿಕೊಂಡು ಪೇಟೆಗೆ ಹೋದದ್ದು ಠಾಣೆಗೆ ಒಪ್ಪಿಸುವಾಗ ಮಾತ್ರ, ಅದೂ ಗೋಣಿ ಸುತ್ತಿ.

ಹಾಗಾಗಿ ಪರೀಕ್ಷೆ ಇಟ್ಟೆ. ಇವರು ಇಂಟರ್ನೆಟ್ಟಿನಲ್ಲಿ ಚರ್ಮದ ರಿವಾಲ್ವರ್ ಚೀಲ ತರಿಸುತ್ತೇನೆ ಎಂದರು. ಈ ದೇಶದಲ್ಲಿ ಅಂಥದ್ದನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಗೆ ಹೋದರೆ ಹೊರಡುವ ಮೊದಲು ವೀಸಾ ಕ್ಯಾನ್ಸಲ್ ಮಾಡಿಸುವ ಕೆಲಸವೂ ನಮಗೆ ಉಳಿಯುವುದಿಲ್ಲ, ಬೇರೆಯವರೇ ಮಾಡಿಕೊಡುತ್ತಾರೆ ಎಂದೆ. ಬ್ಯಾರಿಗಳ ಅಂಗಡಿಯಿಂದ ಜಿಪ್ಪಿನ ಸಾದಾ ಸೊಂಟದ ಚೀಲ ಬಂತು. ಇವರಿಗೆ ಮೆಚ್ಚಿಗೆಯಾದ ರಿವಾಲ್ವರಿನ ತೂಕ ಅವರಿಗೇ ಬಾಯಿಪಾಠ ಇತ್ತು. ಅಷ್ಟು ತೂಕಕ್ಕೆ ಕಡಲೆಬೇಳೆ ತೂಗಿ, ಹಳೆಯ ದಿಂಬಿನ ಬಟ್ಟೆಯಲ್ಲಿ ತುಂಬಿ, ಬಾಯಿ ಹೊಲಿದು ಚೀಲಕ್ಕೆ ಹಾಕಿದೆ. ನಿಯಮ ಎರಡೇ. ಎಚ್ಚರ ಇದ್ದಷ್ಟು ಹೊತ್ತು ಸೊಂಟದಲ್ಲಿ. ತೆಗೆದರೆ ಕಪಾಟಿನೊಳಗೆ, ಬೀಗ, ಕೀಲಿ ಜೇಬಿಗೆ. ಹೊರಡುವವರೆಗೆ ಹಾಗೇ ನಡೆದರೆ ನಾನೇ ಮಗಳಿಗೆ ಹೇಳಿ ಒಪ್ಪಿಸುತ್ತೇನೆ. ಬೇರೆ ಯಾರ ಕೈಗಾದರೂ ಸಿಕ್ಕಿದರೆ ಠಾಣೆಯ ಕೋವಿ ಠಾಣೆಯಲ್ಲೇ ಇರಲಿ, ರಿವಾಲ್ವರಿನ ಮಾತು ಮತ್ತೆ ಎತ್ತಬಾರದು.

ಬೆಲ್ಟು ಬಿಗಿಯುತ್ತಾ ಬ್ಯಾರಿಗಳು, "ಇದು ಯಾವ ಕಂಪನಿ ಅಕ್ಕಾ?" ಎಂದು ನನ್ನನ್ನು ಕೇಳಿದರು. "ಬೇಯಲಿಕ್ಕೆ ಎಷ್ಟು ಸೀಟಿ ಬೇಕು?"

ಇವರು ನಗಲಿಲ್ಲ. ಪರೀಕ್ಷೆಯಲ್ಲಿ ಗೆಲ್ಲುವ ವಿಷಯದಲ್ಲಿ ಅವರಿಗೆ ಸಂಶಯವೇ ಇರಲಿಲ್ಲ.

ಮೊದಲ ದಿನ ಮನೆಯೊಳಗೆಲ್ಲ ಚಂದವಾಗಿ ನಡೆದಾಡಿದರು. ಕೈಯನ್ನು ಸೊಂಟದಿಂದ ಸ್ವಲ್ಪ ದೂರ ಇಟ್ಟು ನಡೆಯುವ ಒಂದು ಹೊಸ ನಡಿಗೆ ಬಂದಿತ್ತು. ಲಿಫ್ಟಿನಲ್ಲಿ ಕಟ್ಟಡದ ವಾಚ್‌ಮನ್ ಅದೇನು ಎಂದು ಹಿಂದಿಯಲ್ಲಿ ಕೇಳಿದಾಗ ಸಕ್ಕರೆ ಕಾಯಿಲೆಯ ಮಶೀನು ಎಂದು ಹೇಳಿದರು. ಎಲ್ಲರೂ ನೋಡಲಿ ಎಂದು ಹೊರಟವರು ಮೊದಲ ಪ್ರಶ್ನೆಗೇ ರೋಗಿಯಾದರು.

ವಾರಾಂತ್ಯಕ್ಕೆ ಅಲ್ ಮೀನಾಕ್ಕೆ ಮೀನಿಗೆ ಹೋದೆವು. ಬಗ್ಗಿ ಅಂಜಲ್ ಮೀನು ಆರಿಸುವಾಗ ಚೀಲ ಮುಂದಕ್ಕೆ ಜಾರಿ ಮಂಜುಗಡ್ಡೆಯಲ್ಲಿ ಹೂತುಕೊಂಡಿತು. ಅದನ್ನು ಹಿಂದಕ್ಕೆ ತಳ್ಳಿದರು. ಈ ಸಲ ಹಿಂದೆ ನಿಂತಿದ್ದ ಹೆಂಗಸಿಗೆ ತಾಗಿತು. ಕ್ಷಮೆ ಕೇಳಿದರು. ಕಾರಿಗೆ ಬಂದರೆ ಸೀಟ್ ಬೆಲ್ಟಿಗೂ ಚೀಲಕ್ಕೂ ಆಗಿಬರಲಿಲ್ಲ. ಬಿಚ್ಚಿ ಗಿಯರಿನ ಪಕ್ಕ ಇಟ್ಟರು. ನಾನು ನೋಡಿದೆ. ಕಾರು ಬೀಗ ಹಾಕಿದ ಕಪಾಟಿನ ಹಾಗೆಯೇ ಎಂದು ವಾದಿಸಿದರು. ವಾದ ಮಾಡುವವರೊಂದಿಗೆ ನಾನು ಹೆಚ್ಚು ಮಾತಾಡುವುದಿಲ್ಲ, ಆಗಲಿ ಎಂದೆ.

ಮುಂದಿನ ವಾರ ನನ್ನ ಹಳೆಯ ಸಹೋದ್ಯೋಗಿಗಳಿಗೆ ಹೇಳಿಬರಲು ಅಲ್ ಐನ್‌ಗೆ ಹೋದೆವು. ದಾರಿಯಲ್ಲಿ ಪೆಟ್ರೋಲ್ ಬಂಕಿನ ಪಕ್ಕದ ಕೆಫೆಟೇರಿಯಾದಲ್ಲಿ ಕಡಕ್ ಚಹಾ ಕುಡಿಯಲು ನಿಂತೆವು. ಕೂತರೆ ಹೊಟ್ಟೆಗೆ ಒತ್ತುತ್ತದೆ ಎಂದು ಇವರು ಚೀಲ ಬಿಚ್ಚಿ ಕುರ್ಚಿಯ ಬೆನ್ನಿಗೆ ನೇತುಹಾಕಿದರು. ಎದ್ದು ಹೊರಟಾಗ ಅದು ಅಲ್ಲೇ ಇತ್ತು. ನಾನು ಬಾಗಿಲ ಬಳಿ ನಿಂತೆ. ನಾನು ಯಾಕೆ ನಿಂತೆ ಎಂದು ಅವರಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಓಡಿಹೋಗಿ ತಂದು, ಯಾರೂ ಮುಟ್ಟಲಿಲ್ಲವಲ್ಲ, ಲೆಕ್ಕಕ್ಕಿಲ್ಲ ಎಂದರು. ಥಿಯೇಟರಿನಲ್ಲಿ ಇಂಥ ಮಾತು ಆಡಿದವರನ್ನು ನಾವು ಹೊರಗೆ ಕಳಿಸುತ್ತಿದ್ದೆವು. ಇವರನ್ನು ಹೊರಗೆ ಕಳಿಸಿದರೆ ಕಾರು ಓಡಿಸುವವರಿಲ್ಲ.

ಆ ವೇಳೆಗೆ ಹೊಸ ನಡಿಗೆ ಹೋಗಿ ಸೊಂಟ ಒಂದು ಕಡೆಗೆ ವಾಲುವ ಇನ್ನೊಂದು ನಡಿಗೆ ಬಂದಿತ್ತು. ರಾತ್ರಿ ಬಲಗಡೆಗೆ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದರು. ದಪ್ಪ ಕುತ್ತಿಗೆಯವನು ಮುಲಾಮಿನ ವಿಡಿಯೋ ಯಾಕೆ ಮಾಡಿಲ್ಲವೋ.

ಮುಗಿದದ್ದು ಒಂದು ಸಾಧಾರಣ ಶುಕ್ರವಾರ. ಬ್ಯಾರಿಗಳು ಎಂದಿನಂತೆ ಬಂದಿದ್ದರು. ಚಹಾದ ನಡುವೆ ಇವರು ಎದ್ದು ಬಚ್ಚಲಿಗೆ ಹೋಗಿ ಬಂದು ಕೂತು, ರಿವಾಲ್ವರಿನ ಹಿಡಿ ಮರದ್ದೇ ಇರಬೇಕು, ರಬ್ಬರಿನದು ಬೆವರಿದರೆ ಅಂಟುತ್ತದೆ ಎಂದು ಮಾತು ಮುಂದುವರಿಸಿದರು. ನಾನು ಒಳಗೆ ಗೋಳಿಬಜೆ ಕರಿಯುತ್ತಿದ್ದೆ. ಮಗಳು ಹೊರಗಿನಿಂದ ಬಂದು, ಮಗು ಎಲ್ಲಿ ಎಂದು ಕೇಳಿ, ಮಲಗುವ ಕೋಣೆಯ ಬಾಗಿಲು ತೆರೆದವಳು ಅಲ್ಲೇ ನಿಂತಳು. ಅವಳು ಕರೆಯಲಿಲ್ಲ, ನಿಂತ ರೀತಿ ನೋಡಿ ನಾವೇ ಹೋದೆವು.

ಮೊಮ್ಮಗಳು ನೆಲದ ಮೇಲೆ ತನ್ನ ಆಟದ ಒಲೆ, ಪಾತ್ರೆಗಳನ್ನು ಹರಡಿಕೊಂಡು ಅಡುಗೆ ಮಾಡುತ್ತಿತ್ತು. ಪಕ್ಕದಲ್ಲಿ ಜಿಪ್ಪು ತೆರೆದ ಚೀಲ. ಶಾಲೆಯ ಮೊಂಡು ಕತ್ತರಿಯಿಂದ ನನ್ನ ಹೊಲಿಗೆಯನ್ನು ಒಂದು ತುದಿಯಿಂದ ಕತ್ತರಿಸಿತ್ತು. ಬೇಳೆ ಪಾತ್ರೆಯಲ್ಲಿ, ಕಾರ್ಪೆಟಿನ ಮೇಲೆ, ಮಂಚದ ಕೆಳಗೆಲ್ಲ ಇತ್ತು.

"ಅಜ್ಜ, ಯು ಲೆಫ್ಟ್ ಯುವರ್ ಥಿಂಗ್ ಇನ್ ದ ಬಾತ್‌ರೂಮ್," ಎಂದಿತು. "ಐ ಆಮ್ ಮೇಕಿಂಗ್ ಸಾಂಬಾರ್."

ಇವರ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಅಂಗಿ ಮಾತ್ರ ಇತ್ತು. ಅಲ್ಲಿಯವರೆಗೆ ಅವರಿಗೆ ಗೊತ್ತೇ ಆಗಿರಲಿಲ್ಲ.

ಮಗಳು ಚೀಲವನ್ನು ಎತ್ತಿ ಅವರ ಮುಂದೆ ಹಿಡಿದಳು. ಸ್ವರ ಏರಿಸಲಿಲ್ಲ.

"ಅಪ್ಪ, ಇದು ಬೇಳೆ ಆಗಿರದಿದ್ದರೆ?"

"ಬೇಳೆ ಅಂತ ಗೊತ್ತಿತ್ತಲ್ಲ ಮಗಾ, ಅದಕ್ಕೆ ಮರೆತದ್ದು. ನಿಜವಾದ್ದಾದ್ರೆ ನಾನು ಮರೀತೇನಾ?"

ಅಷ್ಟು ದಿನ ನಾನು ಬಂದೂಕು ಬೇಕೋ ಬೇಡವೋ ಎಂಬ ಚರ್ಚೆಗೆ ಬಾಯಿ ಹಾಕಿರಲಿಲ್ಲ. ಆಗ ಹಾಕಿದೆ.

"ಈ ಮಾತು ಮಂಗಳೂರಿನಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ. ಹೇಳಿದವರೆಲ್ಲ ಸ್ಟ್ರೆಚರಿನ ಪಕ್ಕ ನಿಂತಿದ್ದರು."

ಬ್ಯಾರಿಗಳು ಚಹಾದ ಗ್ಲಾಸನ್ನು ಮೆಲ್ಲನೆ ಕೆಳಗಿಟ್ಟು, ಅಂಗಡಿಯಲ್ಲಿ ಕೆಲಸ ಉಂಟು ಎಂದು ಎದ್ದರು. ಶುಕ್ರವಾರ ಸಂಜೆ ಅವರಿಗೆ ಅಂಗಡಿಯ ನೆನಪಾದದ್ದು ಅದೇ ಮೊದಲು. ಬಾಗಿಲ ಬಳಿ ಚಪ್ಪಲಿ ಹಾಕುತ್ತಾ ಇವರ ಹೆಗಲ ಮೇಲೆ ಕೈ ಇಟ್ಟರು.

ಮಗಳು ಮಗುವನ್ನು ಎತ್ತಿಕೊಳ್ಳಲು ಬಗ್ಗಿದಾಗ ನಾನು ತಡೆದೆ. ಸಾಂಬಾರು ಆಗದೆ ಎಬ್ಬಿಸಬೇಡ ಎಂದೆ. ಆಮೇಲೆ ಇವರಿಗೆ ಬೇಳೆಯನ್ನೆಲ್ಲ ಹೆಕ್ಕಲು ಹೇಳಿದೆ. ಗುಡಿಸಿ ಬಿಸಾಡಿದರೆ ಸಾಲದೇ ಎಂದು ಕೇಳಿದರು. ಸಾಲದು. ಹೊರಗೆ ಹೋದದ್ದು ಪೂರ್ತಿ ಒಳಗೆ ಬಂದ ಮೇಲೆಯೇ ಮುಗಿಯಿತು ಎನ್ನುವುದು. ಮೊಣಕಾಲೂರಿ ಅವರು ಕಾರ್ಪೆಟಿನ ಎಳೆಗಳ ನಡುವಿನಿಂದ ಒಂದೊಂದೇ ಬೇಳೆ ಹೆಕ್ಕಿದರು. ಮೊಮ್ಮಗಳು ಅದನ್ನು ಆಟ ಎಂದುಕೊಂಡು ಸೇರಿಕೊಂಡಿತು. ಮಂಚದ ಕೆಳಗೆ ತೂರಿ ಹೆಕ್ಕಿ ತಂದು ಅಜ್ಜನ ಅಂಗೈಯಲ್ಲಿ ಹಾಕುತ್ತಿತ್ತು. ಅಡುಗೆಮನೆಯ ತಕ್ಕಡಿಗೆ ಹಾಕಿ ನೋಡಿದಾಗ ತೂಕ ಸ್ವಲ್ಪ ಕಡಿಮೆ ಬಂತು. ನಾನು ಕೈ ಚಾಚಿ ನಿಂತೆ. ಇವರು ಮರಳಿ ಹೋಗಿ ಹುಡುಕಿದರು. ಬಚ್ಚಲಿನ ಬಾಗಿಲಿನ ಸಂದಿಯಲ್ಲಿ ಇನ್ನಷ್ಟು ಸಿಕ್ಕಿತು. ಆದರೂ ಪೂರ್ತಿ ಆಗಲಿಲ್ಲ.

"ಇನ್ನೂ ಎಲ್ಲೋ ಉಂಟು," ಎಂದರು, ನೆಲದ ಮೇಲೆಯೇ ಕೂತು. ಆ ಸ್ವರದಲ್ಲಿ ವಾದ ಇರಲಿಲ್ಲ.

ನನ್ನ ಚಿಕ್ಕಪ್ಪನ ಮಗನಿಗೆ ಅವರೇ ಫೋನ್ ಮಾಡಿದರು. ಕೋವಿ ನಮಗೆ ಬೇಡ, ಬಿಟ್ಟುಬಿಡುವುದಕ್ಕೆ ಏನು ಕಾಗದ ಬೇಕೋ ಕೇಳಿ ಹೇಳು, ಬಂದ ಕೂಡಲೇ ಸಹಿ ಹಾಕುತ್ತೇನೆ ಎಂದರು. ಮಗಳು ಹಾಲ್‌ನಲ್ಲಿ ಮೊಬೈಲ್ ಹಿಡಿದು ಕೂತಿದ್ದವಳು ತಲೆ ಎತ್ತಲಿಲ್ಲ. ಆದರೆ ಊಟದ ಹೊತ್ತಿಗೆ ಟಿಕೆಟ್ ಮೂರೂ ಆಗಿದ್ದವು. ಕಿಟಕಿಯ ಸೀಟು ಮಗುವಿಗೆ.

ಇದಾದ ಮೇಲೆ ಮನುಷ್ಯ ಬದಲಾದರು ಎಂದು ಯಾರೂ ತಿಳಿಯಬೇಕಾಗಿಲ್ಲ. ಬಂದೂಕು ಹಿಡಿಯುವುದು ತಮ್ಮ ತತ್ವಕ್ಕೆ ವಿರುದ್ಧ ಎಂದು ಈಗ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದಾರೆ, ಬ್ಯಾರಿಗಳು ತಲೆ ಅಲ್ಲಾಡಿಸುತ್ತಿದ್ದಾರೆ. ಶುಕ್ರವಾರದ ಚಹಾ ನಿಂತಿಲ್ಲ. ಊರಿನ ಮನೆಯಲ್ಲಿ ಯಾವ ಜಾತಿಯ ನಾಯಿ ಸಾಕಿದರೆ ದಾರಿಹೋಕರಿಗೆ ಎದ್ದು ಕಾಣುತ್ತದೆ ಎಂಬುದು ಈಗಿನ ವಿಷಯ. ಕಿವಿ ನೆಟ್ಟಗಿರಬೇಕೋ ಜೋಲಬೇಕೋ ಎಂಬಲ್ಲಿಗೆ ಬಂದು ನಿಂತಿದೆ. ಮೊನ್ನೆ ಗ್ಲಾಸು ತೆಗೆಯಲು ಹೋದಾಗ ಇಬ್ಬರೂ ಒಟ್ಟಿಗೆ ನನ್ನ ಮುಖ ನೋಡಿದರು. ನಾಯಿಯ ತೂಕ ಎಷ್ಟು ಎಂದು ಕೇಳಿದೆ. ಇಬ್ಬರೂ ಮೊಬೈಲನ್ನು ಮಗುಚಿ ಇಟ್ಟರು.